ನೀರಿಗೆ ಕಾಯದ ಭತ್ತ

ಮಳೆಗಾಲದಲ್ಲಿ ಮಾನ್ವಿ ಕಡೆಯ ಕಾಲುವೆ ರೈತರು ಎದುರಾದರೆ ಮೊದಲು ವಿಚಾರಿಸುವುದು ಗೇಜಿನ ಸುದ್ದಿ. ತುಂಗಭದ್ರಾ ಎಡದಂಡೆ ಕಾಲುವೆಯ 104ನೇ ಮೈಲಿನಲ್ಲಿ ಎಷ್ಟು ಅಡಿ ನೀರಿದೆ? ಆ ಅಳತೆ ಇಳಿದರೆ ಕೆಳಗಿನ ಉಪಕಾಲುವೆಗಳಿಗೆ ಹನಿಯೂ ಹತ್ತುವುದಿಲ್ಲ. ಗೇಜ್ ಕಾಯ್ದುಕೊಡಿ ಎಂದು ಇಲ್ಲಿನ ರೈತರು ರಸ್ತೆಯಲ್ಲಿ ಕುಳಿತದ್ದು ಒಂದೆರಡು ಸಲವಲ್ಲ. ರಾಯಚೂರು ನಗರದ ಕುಡಿಯುವ ನೀರಿಗೂ ಇದೇ ಕಾಲುವೆಯ ಹಂಗಿದೆ. ಎರಡು ನದಿಗಳ ನಡುವಿನ ಈ ನಾಡನ್ನು ಹಿಂದಿನವರು ಎಡೆದೊರೆ ಎಂದು ಕರೆದರು. ಅಂಥ ನೆಲದಲ್ಲಿ ನೀರಿಗಾಗಿ ಧರಣಿ.

ಭತ್ತವನ್ನು ಕೂರಿಗೆಯಲ್ಲಿ ಬಿತ್ತುವ ರೂಢಿ ಈ ಭಾಗದಲ್ಲಿ ಬೇರೂರಿದ ಬಗೆ ತಿಳಿಯಬೇಕಾದರೆ ಈ ಕಾಲುವೆಯ ಹುಟ್ಟಿನಿಂದಲೇ ಶುರು ಮಾಡಬೇಕು. ಅಣೆಕಟ್ಟೆಯಿಂದ ನೀರು ಹರಿದದ್ದು 1953ರಲ್ಲಿ. ಎಡದಂಡೆ ಆಗ ಹೈದರಾಬಾದ್ ರಾಜ್ಯದ ಪಾಲು, ಬಲದಂಡೆ ಮದ್ರಾಸಿನ ಕಡೆಯದು. ಬರಪೀಡಿತ ಸೀಮೆಯ ಹೆಚ್ಚೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳುವುದು ಯೋಜನೆಯ ಉದ್ದೇಶ. ಭತ್ತಕ್ಕೆಂದು ಗುರುತಿಸಿದ ಜಮೀನು ತೀರಾ ಕಡಿಮೆ. ಆದರೆ ನೀರು ಬಂದ ಬೆನ್ನಿಗೇ ಆಂಧ್ರದ ಕರಾವಳಿಯಿಂದ ಭತ್ತ ಬಲ್ಲ ಕುಟುಂಬಗಳು ಬಂದು ಜಮೀನು ಕೊಂಡು ನೆಲೆಸಿದವು. ‘ಕ್ಯಾಂಪ್’ ಎಂದು ಹೆಸರು ಕೊನೆಗೊಳ್ಳುವ ಊರುಗಳಲ್ಲಿ ಹೆಚ್ಚಿನವು ಅವರು ಕಟ್ಟಿದವು. ಅವರ ದುಡಿಮೆ ಕಂಡು ಸ್ಥಳೀಯರೂ ಭತ್ತಕ್ಕೆ ಹೊರಳಿದರು. ಗಂಗಾವತಿ, ಸಿಂಧನೂರು ಹಸಿರಾದವು, ಮಾನ್ವಿ, ರಾಯಚೂರಿನ ಕೊನೆ ಭಾಗ ಒಣಗಿತು. ಅತಿಯಾಗಿ ನೀರು ನಿಂತ ಕಡೆ ಎರೆಭೂಮಿ ಸವಳು-ಜವಳಾಯಿತು. ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಜಮೀನು ಸುಮಾರು 96 ಸಾವಿರ ಹೆಕ್ಟೇರ್ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು.

ನೀರಿನ ಈ ಅಸಮ ಹಂಚಿಕೆಯನ್ನು ಆಳವಾಗಿ ನೋಡಿದವರಲ್ಲಿ ಆಗ ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಮೊಲಿಂಗಾ ಒಬ್ಬರು. 1990ರ ದಶಕದಲ್ಲಿ ಇದೇ ಕಾಲುವೆಯ ದಂಡೆಯಲ್ಲಿ ಓಡಾಡಿ ಮಾಡಿದ ಅವರ ಅಧ್ಯಯನ ‘ಆನ್ ದ ವಾಟರ್‌ಫ್ರಂಟ್’ ಎಂಬ ಪುಸ್ತಕವಾಯಿತು. ನೀರು ಇಳಿಜಾರಿನಲ್ಲಿ ಹರಿದಷ್ಟೇ ರಾಜಕೀಯದಲ್ಲೂ ಹರಿಯುತ್ತದೆ. ತೂಬಿನ ಬಳಿ ರೈತ, ಎಂಜಿನಿಯರ್, ರಾಜಕಾರಣಿ ನಡುವೆ ನಡೆಯುವ ಹೊಂದಾಣಿಕೆಯೇ ಕಾಲುವೆಯ ನಿಜವಾದ ಕಾನೂನು ಎಂಬುದನ್ನು ಅದು ಬಿಡಿಸಿ ತೋರಿಸಿತು. ರಾಯಚೂರಿನವರಿಗೆ ಇದು ಹೊಸ ಸುದ್ದಿಯೇನಲ್ಲ. ಆದರೂ ಗೊತ್ತಿದ್ದದ್ದು ದಾಖಲೆಯಾಗುವುದಕ್ಕೆ ಅದರದೇ ಬೆಲೆ ಇದೆ.

ನಾಟಿ ಭತ್ತದ ಕಷ್ಟ ಕೊನೆ ಭಾಗದವರಿಗೆ ಬೇರೆಯೇ. ಸಸಿಮಡಿ ಹಾಕಲು ನೀರು ಬೇಕು, ಗದ್ದೆ ರಾಡಿ ಮಾಡಲು ಇನ್ನಷ್ಟು ಬೇಕು. ಕಾಲುವೆಗೆ ನೀರು ಬಿಡುವುದೇ ಜುಲೈನಲ್ಲಿ, ಅದು ಕೆಳಗೆ ಮುಟ್ಟುವ ಹೊತ್ತಿಗೆ ಆಗಸ್ಟ್. ಅಷ್ಟರಲ್ಲಿ ಸಸಿ ಬಲಿತಿರುತ್ತದೆ. ತಡವಾಗಿ ನೆಟ್ಟ ಬೆಳೆಗೆ ಕೊನೆಯ ನೀರೂ ಸಿಗುವುದಿಲ್ಲ. ಈ ಇಕ್ಕಟ್ಟಿನಲ್ಲಿ ನೆನಪಾದದ್ದು ಜೋಳ ಬಿತ್ತುವ ಕೂರಿಗೆ. ಮುಂಗಾರಿನ ಹದಕ್ಕೆ ಒಣ ಹೊಲದಲ್ಲೇ ಭತ್ತ ಬಿತ್ತಿಬಿಟ್ಟರೆ ಬೆಳೆ ತಿಂಗಳ ಕಾಲ ಮಳೆಯಲ್ಲೇ ಬೆಳೆಯುತ್ತದೆ, ಕಾಲುವೆ ನೀರು ತಡವಾಗಿ ಬಂದರೂ ಅದಕ್ಕೆ ಸಾಕು. ಧಾರವಾಡ, ಬೆಳಗಾವಿ, ಹಾವೇರಿಯ ಮಲೆನಾಡಂಚಿನಲ್ಲಿ ಕೂರಿಗೆ ಭತ್ತ ಅಜ್ಜಂದಿರ ಕಾಲದ್ದು. ತುಂಗಭದ್ರಾ ಅಚ್ಚುಕಟ್ಟಿಗೆ ಅದು ಬಂದದ್ದು ಅವಸರದಿಂದ, 2010ರ ದಶಕದ ನೀರಿನ ಬರದಲ್ಲಿ.

ಧಾರವಾಡದಿಂದ ಬೇರೆಯಾಗಿ 2008ರಲ್ಲಿ ಹುಟ್ಟಿದ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಎಳೆಯ ವಯಸ್ಸು. ಅದು ಈ ಪದ್ಧತಿಯನ್ನು ಹುಟ್ಟುಹಾಕಿತು ಎಂದರೆ ರೈತರಿಗೆ ಅನ್ಯಾಯ. ರೈತರು ಸಿಕ್ಕಿಹಾಕಿಕೊಂಡ ಕಡೆ ಕೈ ಹಾಕಿದ್ದು ಅದರ ನಿಜವಾದ ಕೆಲಸ. ಬೀಜ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಮೊಳಕೆ ಮೇಲೇಳದು. ಹೊಲ ಮಟ್ಟವಿಲ್ಲದಿದ್ದರೆ ಒಂದೆಡೆ ನೀರು ನಿಂತು ಬೀಜ ಕೊಳೆಯುತ್ತದೆ, ಇನ್ನೊಂದೆಡೆ ಒಣಗುತ್ತದೆ. ಅದಕ್ಕೆ ಲೇಸರ್ ಸಮತಟ್ಟು. ನಾಟಿಗೆ ಎಕರೆಗೆ 25 ಕಿಲೋ ಬೀಜ ಹಿಡಿಯುತ್ತಿದ್ದ ಕಡೆ ಕೂರಿಗೆಗೆ ಅದರ ಅರ್ಧ ಸಾಕು. ನೀರು ನಿಲ್ಲದ ಎರೆಯಲ್ಲಿ ಸಸಿಗೆ ಕಬ್ಬಿಣದಂಶ ಸಿಗದೆ ಎಲೆ ಬಿಳಚಿಕೊಳ್ಳುತ್ತದೆ, ಆಗ ಫೆರಸ್ ಸಲ್ಫೇಟ್ ಸಿಂಪಡಣೆ. ಇಕ್ರಿಸ್ಯಾಟ್ ಮುಂತಾದ ಅಂತರರಾಷ್ಟ್ರೀಯ ಸಂಸ್ಥೆಗಳ ಜತೆ ಸರ್ಕಾರ 2013ರಲ್ಲಿ ಆರಂಭಿಸಿದ ಭೂಸಮೃದ್ಧಿ ಯೋಜನೆಗೆ ಆಯ್ಕೆಯಾದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಅದರಡಿ ಕೂರಿಗೆ ಭತ್ತದ ಪ್ರಯೋಗ ರೈತರ ಹೊಲಕ್ಕೇ ಇಳಿಯಿತು.

ದೊಡ್ಡ ಶತ್ರು ಕಳೆ. ನಿಂತ ನೀರು ಭತ್ತಕ್ಕೆ ಊಟವೊಂದೇ ಆಗಿರಲಿಲ್ಲ, ಕಳೆಯನ್ನು ಮುಳುಗಿಸಿ ಕೊಲ್ಲುವ ಕಾವಲೂ ಆಗಿತ್ತು. ನೀರು ತೆಗೆದರೆ ಕಳೆ ಭತ್ತದ ಜತೆಗೇ ಮೊಳೆಯುತ್ತದೆ. ಬಿತ್ತಿದ ಒಂದೆರಡು ದಿನದಲ್ಲಿ ಪೆಂಡಿಮೆಥಾಲಿನ್, ಮೂರು ವಾರದ ಹೊತ್ತಿಗೆ ಬಿಸ್ಪೈರಿಬ್ಯಾಕ್ ಸೋಡಿಯಂ, ನಡುವೆ ಎಡೆಕುಂಟೆ. ದಿನ ತಪ್ಪಿದರೆ ಬೆಳೆ ತಪ್ಪಿದಂತೆ. ಕಳೆನಾಶಕ ಹೆಚ್ಚಿದಷ್ಟೂ ನೆಲ, ನೀರಿಗೆ ಏನಾಗುತ್ತದೆ ಎಂದು ಕೇಳಲೇಬೇಕು. ಇದೇ ವಿಶ್ವವಿದ್ಯಾಲಯದ ಆವರಣದಲ್ಲಿ ಕೀಟನಾಶಕ ಉಳಿಕೆ ಮತ್ತು ಆಹಾರ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವಿದೆ. ಕೂರಿಗೆ ಭತ್ತದ ಅಕ್ಕಿ, ಬಸಿಗಾಲುವೆಯ ನೀರು ಅಲ್ಲಿ ವರ್ಷ ವರ್ಷವೂ ಪರೀಕ್ಷೆಗೆ ಹೋಗಬೇಕು.

ಮಣ್ಣು, ಮಳೆ ನೋಡಿಕೊಂಡು ನೀರಿನ ಉಳಿತಾಯ ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಇರಬಹುದು. ನೀರು ನಿಂತ ಗದ್ದೆಯಿಂದ ಹೊರಡುವ ಮೀಥೇನ್ ಕೂಡ ತಗ್ಗುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 27-28 ಪಟ್ಟು ಬಲಶಾಲಿ. ಪಂಜಾಬಿನಲ್ಲಿ 2020ರ ಲಾಕ್‌ಡೌನಿನಲ್ಲಿ ಬಿಹಾರದ ಕೂಲಿಗಳು ಬಾರದಿದ್ದಾಗ ನೇರ ಬಿತ್ತನೆ ಹಬ್ಬಿತು. 2022ರಲ್ಲಿ ಅಲ್ಲಿನ ಸರ್ಕಾರ ಎಕರೆಗೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಮಾನ್ವಿಯ ರೈತನಿಗೆ ಪ್ರೋತ್ಸಾಹ ಕೊಟ್ಟದ್ದು ಬತ್ತಿದ ಕಾಲುವೆ.

ಇಷ್ಟೆಲ್ಲ ಒಳ್ಳೆಯದರ ನಡುವೆ ಒಂದು ನಷ್ಟವಿದೆ, ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ನಾಟಿ ಹೆಣ್ಣಾಳುಗಳ ಕೆಲಸ. ಹಂಗಾಮು ಬಂದರೆ ಒಣಭೂಮಿಯ ಊರುಗಳಿಂದ ಟಂಟಂ ತುಂಬಾ ಹೆಂಗಸರು ಬರುತ್ತಾರೆ. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು, ಬೆನ್ನು ಬಗ್ಗಿಸಿ, ಕೆಸರಿನಲ್ಲಿ ದಿನ ಕಳೆಯುತ್ತಾರೆ. ಕಷ್ಟದ ಕೆಲಸ ನಿಜ, ಆದರೆ ಮನೆಯ ಹೆಣ್ಣಿನ ಕೈಗೆ ನೇರವಾಗಿ ಬರುವ ದುಡ್ಡು ಅದು. ಕೂರಿಗೆ ಒಂದೇ ದಿನದಲ್ಲಿ ಆ ಕೆಲಸ ಮುಗಿಸುತ್ತದೆ. ಕಳೆನಾಶಕ ಬಂದ ಮೇಲೆ ಕಳೆ ತೆಗೆಯುವ ಕೂಲಿಯೂ ಇಳಿಯುತ್ತದೆ. ಇದೇ ಜಿಲ್ಲೆಯ ದೇವದುರ್ಗವನ್ನು ನೆನೆಯಿರಿ. 2002ರ ನಂಜುಂಡಪ್ಪ ವರದಿ ಅದನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ನಾರಾಯಣಪುರ ಬಲದಂಡೆ ಕಾಲುವೆ ಒಂದಷ್ಟು ಊರುಗಳ ಬಾಳು ಬದಲಿಸಿದೆ, ಅದರಾಚೆಯ ಹಳ್ಳಿ, ತಾಂಡಾಗಳ ಜನ ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವುದು ನಿಂತಿಲ್ಲ. ಹತ್ತಿರದ ಗದ್ದೆಯ ಕೂಲಿ ಕಳೆದುಕೊಂಡ ಹೆಣ್ಣಿಗೆ ಉಳಿಯುವುದು ಅದೇ ದಾರಿ.

ಕೂರಿಗೆ ಭತ್ತ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಮೊದಲು ಹಬ್ಬಬೇಕಾದದ್ದು ಕಾಲುವೆಯ ಮೇಲ್ಭಾಗದಲ್ಲಿ. ನೀರಿಲ್ಲದವರು ಉಳಿಸಿದರೆ ಅವರ ಬೆಳೆ ಉಳಿಯುತ್ತದೆ, ನೀರಿದ್ದವರು ಉಳಿಸಿದರೆ ಕೆಳಗಿನ ಊರೇ ಉಳಿಯುತ್ತದೆ. ಉಳಿದ ನೀರು 104ನೇ ಮೈಲು ದಾಟುವಂತೆ ನೋಡಿಕೊಳ್ಳುವುದು ನೀರಾವರಿ ಸಲಹಾ ಸಮಿತಿಯ ಹೊಣೆ. ವಿಶ್ವವಿದ್ಯಾಲಯದವರಲ್ಲಿ ಕೇಳುವುದು ಇಷ್ಟು: ನಿಮ್ಮ ಪ್ರಯೋಗದ ತಾಕಿನಲ್ಲಿ ನೀರು, ಬೀಜ, ಗೊಬ್ಬರ, ಇಳುವರಿಯ ಲೆಕ್ಕ ಬರೆಯುತ್ತೀರಿ. ಅದರ ಪಕ್ಕದಲ್ಲಿ ಹೆಣ್ಣಾಳಿಗೆ ತಪ್ಪಿದ ಕೂಲಿ ದಿನಗಳನ್ನೂ ಬರೆಯಿರಿ. ಬಿತ್ತುವ, ಸಿಂಪಡಿಸುವ ಯಂತ್ರಗಳನ್ನು ಬಾಡಿಗೆಗೆ ನಡೆಸುವ ತರಬೇತಿಗೆ ಮೊದಲು ಅವರನ್ನೇ ಕರೆಯಿರಿ.