ಕೊಟ್ಟ ಸಾಲ, ತಂದ ಸಾಲ

ಗೆಳೆಯನಿಗೆ ನೂರು ರೂಪಾಯಿ ಸಾಲ ಕೊಟ್ಟವನೊಬ್ಬ ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಲೆಂಡ್’ ಎನ್ನಬೇಕಾದಲ್ಲಿ ‘ಬಾರೋ’ ಎಂದು ಬರೆದರೆ ಏನಾಗುತ್ತದೆ? ಓದಿದವರು ಅವನನ್ನೇ ಸಾಲಗಾರನೆಂದು ತಿಳಿಯುತ್ತಾರೆ. ಒಂದು ಪದ ತಪ್ಪಿದರೆ ಹಣ ಕೊಡಬೇಕಾದವರೇ ಬದಲಾಗುತ್ತಾರೆ.

ಕನ್ನಡ ಮಾತನಾಡುವವರು ಇಲ್ಲಿ ಎಡವಲು ಕಾರಣವಿದೆ. ಕನ್ನಡದಲ್ಲಿ ಕೊಟ್ಟರೂ ಸಾಲವೇ, ತಂದರೂ ಸಾಲವೇ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ. ಹಣ ಕೈಬಿಟ್ಟು ಹೋದರೆ ‘ಲೆಂಡ್’, ಅದರ ಜೊತೆಗೆ ‘ಟು’. ಕೈಗೆ ಬಂದರೆ ‘ಬಾರೋ’, ಅದರ ಜೊತೆಗೆ ‘ಫ್ರಮ್’.

‘ನೆರಳು’ ಪದದ ಕಥೆಯೂ ಇದೇ. ಬಿಸಿಲಿನಲ್ಲಿ ಬಂದವರು ಮರದ ಕೆಳಗೆ ಕೂರುವ ತಂಪು ಜಾಗ ‘ಷೇಡ್’. ನಡೆಯುವವರ ಹಿಂದೆಯೇ ನೆಲದ ಮೇಲೆ ಬರುವ ಆಕಾರ ‘ಷ್ಯಾಡೊ’. ‘ನೋಡು’ ಎಂಬುದಕ್ಕಂತೂ ಮೂರು ಪದ: ತಾನಾಗಿ ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದೇ ಕಣ್ಣು ಹಾಯಿಸಿದರೆ ‘ಲುಕ್’, ಕ್ರಿಕೆಟ್ ಆಟದಂತೆ ನಡೆಯುತ್ತಿರುವುದನ್ನು ಗಮನವಿಟ್ಟು ನೋಡಿದರೆ ‘ವಾಚ್’. ಕೆಲವೆಡೆ ಕನ್ನಡವೇ ನೆರವಿಗೆ ಬರುತ್ತದೆ. ಕಲಿಯುವುದು ‘ಲರ್ನ್’, ಕಲಿಸುವುದು ‘ಟೀಚ್’. ನೆನಪಿಟ್ಟುಕೊಳ್ಳುವುದು ‘ರಿಮೆಂಬರ್’, ನೆನಪಿಸುವುದು ‘ರಿಮೈಂಡ್’.

ಇನ್ನೊಂದು ಬಗೆಯ ಗೊಂದಲದಲ್ಲಿ ಇಂಗ್ಲಿಷರೂ ಸಿಲುಕುತ್ತಾರೆ. ಉಚ್ಚಾರಣೆ ಒಂದೇ, ಕಾಗುಣಿತ ಬೇರೆ. ಕಾಗದ, ಲಕೋಟೆಗಳಿಗೂ ‘ಸ್ಟೇಷನರಿ’, ನಿಂತಲ್ಲೇ ನಿಂತ ವಾಹನಕ್ಕೂ ‘ಸ್ಟೇಷನರಿ’. ಎರಡರ ಮೂಲವೂ ಒಂದೇ. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗಿ ಮಾರುವವರೇ ಹೆಚ್ಚು. ವಿಶ್ವವಿದ್ಯಾಲಯಗಳ ಬಳಿ ಒಂದೇ ಕಡೆ ಅಂಗಡಿ ಹೂಡಿದ ಪುಸ್ತಕ ವ್ಯಾಪಾರಿಗೆ ‘ಸ್ಟೇಷನರ್’ ಎಂಬ ಹೆಸರು ಬಂತು. ಅವನ ಸರಕು ‘ಸ್ಟೇಷನರಿ’ ಆಯಿತು. ಈ ಸರಕಿನ ಕಾಗುಣಿತದಲ್ಲಿ ಕೊನೆಯ ಆರ್-ವೈ ಅಕ್ಷರಗಳಿಗೆ ಮುಂಚೆ ಬರುವುದು ‘ಇ’ ಅಕ್ಷರ. ಲಕೋಟೆಗಿರುವ ‘ಎನ್ವಲಪ್’ ಪದ ಶುರುವಾಗುವುದೂ ಅದೇ ಅಕ್ಷರದಿಂದ ಎಂದು ನೆನಪಿಟ್ಟರೆ ಸಾಕು.

ರಜಾ ಅರ್ಜಿಯ ಮೊದಲ ಸಾಲಿನಲ್ಲೇ ಕಾಡುವ ಪದ ‘ಪ್ರಿನ್ಸಿಪಾಲ್’. ಕಾಲೇಜಿನ ಮುಖ್ಯಸ್ಥರಿಗೆ ಕೊನೆಯಲ್ಲಿ ಪಿ-ಎ-ಎಲ್, ತತ್ವಕ್ಕೆ ಪಿ-ಎಲ್-ಇ. ಬ್ಯಾಂಕಿನ ಸಾಲದಲ್ಲಿ ಬಡ್ಡಿಯಿಂದ ಬೇರೆಯಾದ ಅಸಲು ಕೂಡ ಮುಖ್ಯಸ್ಥರ ಸಾಲಿಗೇ ಸೇರಿದ್ದು.

ಇಂಥ ಜೋಡಿಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ಎರಡೂ ಮತ್ತೆ ಕಲಸಿಹೋಗುತ್ತವೆ. ಒಂದೊಂದು ಪದವನ್ನೂ ದಿನಬಳಕೆಯ ಒಂದು ವಾಕ್ಯದಲ್ಲಿಟ್ಟು ಕಲಿಯುವುದು ಮೇಲು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಹೊರತಂದ ನಿಘಂಟು ಇದೇ ದಾರಿ ಹಿಡಿಯಿತು. ಅರ್ಥದ ಜೊತೆಗೆ ಬಳಕೆಯನ್ನೂ ತೋರಿಸಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಪ್ರಕಟಿಸಿತು.

ತಪ್ಪಾದೀತೆಂದು ಬಾಯಿ ಬಿಡದವರು ಒಂದನ್ನು ಗಮನಿಸಬೇಕು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಇಂಗ್ಲಿಷಿನಲ್ಲಿ ಬರಿಯ ‘ಅಂಕಲ್’. ಕನ್ನಡ ಕಲಿಯಲು ಬಂದ ಇಂಗ್ಲಿಷರು ಅಲ್ಲಿ ತಡವರಿಸಿದರೆ ಯಾರೂ ಅವರನ್ನು ದಡ್ಡರೆನ್ನುವುದಿಲ್ಲ.