ಹದಿನೈದೂವರೆ ಮೀಟರಿನ ಹಠ

ಜಪಾನಿನ ಈಶಾನ್ಯ ಕರಾವಳಿಯಲ್ಲಿ, ಇವಾತೆ ಪ್ರಾಂತ್ಯದಲ್ಲಿ, ಫುದಾಯ್ ಅಂತ ಒಂದು ಹಳ್ಳಿಯಿದೆ. 2011ರ ಹೊತ್ತಿಗೆ ಸುಮಾರು ಮೂರು ಸಾವಿರ ಜನ ಇದ್ದರು, ಮುಖ್ಯ ಕಸುಬು ಮೀನುಗಾರಿಕೆ. ಕೊತೊಕು ವಾಮುರಾ ಎಂಬುವರು ಇಲ್ಲಿ 1947ರಿಂದ 1987ರವರೆಗೆ, ಅಂದ್ರೆ ಬರೋಬ್ಬರಿ ನಲವತ್ತು ವರ್ಷ, ಮೇಯರ್ ಆಗಿದ್ದರು. ಇಷ್ಟು ವರ್ಷ ಕುರ್ಚಿ ಬಿಡದವರನ್ನು ಕಂಡರೆ ನಮಗೆ ಅನುಮಾನ ಬರೋದು ಸಹಜ ಬಿಡಿ. ಆದರೆ ಈ ಮನುಷ್ಯ ಮಾಡಿದ ಕೆಲಸಕ್ಕೆ ಐದು ವರ್ಷದ ಅವಧಿ ಸಾಲುತ್ತಲೇ ಇರಲಿಲ್ಲ.

1896 ಮತ್ತು 1933ರ ಸುನಾಮಿಗಳು ಈ ಪುಟ್ಟ ಊರಿನ 439 ಜನರನ್ನು ಬಲಿ ತೆಗೆದುಕೊಂಡಿದ್ದವು. 1933ರಲ್ಲಿ ವಾಮುರಾ ಇನ್ನೂ ಯುವಕ. ಮಣ್ಣು ಅಗೆದು ಹೆಣಗಳನ್ನು ಹೊರತೆಗೆಯೋದನ್ನು ಕಣ್ಣಾರೆ ಕಂಡಿದ್ದರು. ಮೇಯರ್ ಆದಮೇಲೆ ಅವರದ್ದು ಒಂದೇ ಪಟ್ಟು: ಗೋಡೆ ಬೇಕು, ಎತ್ತರ 15.5 ಮೀಟರ್. ಯಾಕೆ ಅಷ್ಟೇ? 1896ರ ಅಲೆ ಹದಿನೈದು ಮೀಟರ್ ಮುಟ್ಟಿತ್ತು ಅಂತ ಊರಿನ ಹಿರಿಯರ ನೆನಪು. ಡಿಸೈನಿಗೆ ಆಧಾರ ಆ ನೆನಪೇ.

ಮೊದಲು ಒಂದು ತಡೆಗೋಡೆ ಬಂತು. ಆಮೇಲೆ ಫುದಾಯ್ ನದಿಗೆ ಅಡ್ಡಲಾಗಿ 205 ಮೀಟರ್ ಉದ್ದದ ಗೇಟು. ನದಿ ಹರಿಯಬೇಕು, ಸಮುದ್ರ ಮಾತ್ರ ಒಳಗೆ ಬರಬಾರದು. ಹಾಗಾಗಿ ಮೇಲಿಂದ ಇಳಿಸಬಹುದಾದ ಬಾಗಿಲುಗಳು. ಖರ್ಚು ಸುಮಾರು 356 ಕೋಟಿ ಯೆನ್. ಇಷ್ಟು ಎತ್ತರ ಯಾಕೆ, ಈ ದುಡ್ಡಲ್ಲಿ ಬೇರೆ ಕೆಲಸ ಆಗ್ತಿತ್ತಲ್ಲ ಅಂತ ವಿರೋಧ ಜೋರಾಗೇ ಇತ್ತು. ಜಮೀನು ಬಿಟ್ಟುಕೊಡಬೇಕಾದವರ ಸಿಟ್ಟು ಬೇರೆ. ವಾಮುರಾ ಜಗ್ಗಲಿಲ್ಲ. 1984ರಲ್ಲಿ ಗೇಟು ಮುಗಿಯಿತು, ಮೂರು ವರ್ಷಕ್ಕೆ ಅವರು ನಿವೃತ್ತರಾದರು, 1997ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಗೇಟಿಗೆ ದೊಡ್ಡ ಪರೀಕ್ಷೆ ಬರಲೇ ಇಲ್ಲ.

ಬಂದದ್ದು 2011ರ ಮಾರ್ಚ್ 11ರಂದು. ಕೆಲವು ಬಾಗಿಲು ಸಿಕ್ಕಿಹಾಕಿಕೊಂಡಾಗ ಅಗ್ನಿಶಾಮಕ ಸಿಬ್ಬಂದಿ ಅಲ್ಲಿಗೇ ಹೋಗಿ ಕೈಯಿಂದ ಇಳಿಸಿದರು. ಅಲೆ ಇಪ್ಪತ್ತು ಮೀಟರಿಗೂ ಮೇಲೆದ್ದು ಗೇಟನ್ನು ದಾಟಿತು. ಆದರೆ ದಾಟಿದ ನೀರಿಗೆ ಬಲ ಉಳಿದಿರಲಿಲ್ಲ, ಶಾಲೆ ತಲುಪುವ ಮೊದಲೇ ನಿಂತಿತು. ಇಲ್ಲಿ ಸಿವಿಲ್ ಬ್ರಾಂಚಿನವರು ಗಮನಿಸಬೇಕಾದ್ದು ಎತ್ತರ ಒಂದನ್ನೇ ಅಲ್ಲ, ಜಾಗವನ್ನೂ. ಎರಡೂ ಕಡೆ ಬೆಟ್ಟ, ನಡುವೆ ಇಕ್ಕಟ್ಟಾದ ಕಣಿವೆ. ಅದಕ್ಕೇ 205 ಮೀಟರಿನಲ್ಲಿ ಕಣಿವೆಯ ಬಾಯಿ ಮುಚ್ಚಲು ಸಾಧ್ಯವಾಯಿತು. ಅದೇ ಕರಾವಳಿಯ ತಾರೋ ಊರಿನ ಹತ್ತು ಮೀಟರಿನ ಗೋಡೆ ಜಗತ್ಪ್ರಸಿದ್ಧ, ಉದ್ದವೂ ಎರಡು ಕಿಲೋಮೀಟರಿಗಿಂತ ಹೆಚ್ಚು. ಅದು ಸೋತಿತು, ಬಹಳ ಜನ ಸತ್ತರು.

ಫುದಾಯ್‌ನಲ್ಲಿ ಗೇಟಿನ ಹೊರಗಿದ್ದ ಬಂದರು ಪೂರ್ತಿ ಹಾಳಾಯಿತು. ತನ್ನ ದೋಣಿ ನೋಡಿಬರಲು ಹೊರಗೆ ಹೋದ ಒಬ್ಬರು ಕಾಣೆಯಾದರು. ಒಳಗಿದ್ದ ಊರಿನಲ್ಲಿ ಯಾರೂ ಸಾಯಲಿಲ್ಲ.