ಮೊದಲ ಸಂಬಳ, ಉಳಿತಾಯ ಮತ್ತು ಬಡ್ಡಿಯ ಬಾಗಿಲು



ಕಳೆದ ತಿಂಗಳ ಎರಡನೇ ಜುಮಾದಲ್ಲಿ ನಮ್ಮ ಮಸೀದಿಯಲ್ಲಿ ಹೇಳಿದ ಮಾತುಗಳ ಸಾರಾಂಶ ಇದು. ಮಿಂಬರಿನ ಮೇಲೆ ನಿಂತು ಲೆಕ್ಕಪತ್ರ ಹೇಳಲು ಆಗುವುದಿಲ್ಲ. ನಮಾಝ್ ಮುಗಿದ ಮೇಲೆ ಆರೇಳು ಯುವಕರು ನಿಂತು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

ಈ ವಿಷಯ ಎತ್ತಿಕೊಳ್ಳಲು ಒಬ್ಬ ಹುಡುಗ ಕಾರಣ. ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಅವನಿಗೆ ಹದಿನಾಲ್ಕು ತಿಂಗಳಾಗಿತ್ತು. ತಂದೆಗೆ ಇದ್ದಕ್ಕಿದ್ದಂತೆ ಆಸ್ಪತ್ರೆ ಖರ್ಚು ಬಂತು. "ಉಸ್ತಾದ್, ಜಮಾಅತ್ ಕಡೆಯಿಂದ ಏನಾದರೂ ಆಗಬಹುದಾ? ಇಲ್ಲದಿದ್ದರೆ ಮೊಬೈಲಿನ ಆ್ಯಪ್‌ನಲ್ಲಿ ಸಾಲ ತೆಗೆಯಬೇಕು" ಎಂದ. "ನಿನ್ನ ಹತ್ತಿರ ಎಷ್ಟಿದೆ ಮಗಾ?" ಎಂದು ಕೇಳಿದೆ. ಏನೂ ಇರಲಿಲ್ಲ. ಅವನು ಕೆಟ್ಟ ಚಟದವನಲ್ಲ, ಐದು ಹೊತ್ತಿನ ನಮಾಝಿನವನು. "ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಅಲ್ವಾ ಉಸ್ತಾದ್, ಅದಕ್ಕೇ ಇಡಲು ಹೋಗಲಿಲ್ಲ" ಎಂದ. ಬಡ್ಡಿಗೆ ಹೆದರಿ ಉಳಿಸದ ಹುಡುಗ ಕೊನೆಗೆ ಬಡ್ಡಿಯ ಬಾಗಿಲಿಗೇ ಬಂದು ನಿಂತಿದ್ದ.

ನಮ್ಮಲ್ಲಿ ತುಂಬ ಜನರಿಗೆ ಇದು ಅರ್ಥವಾಗಿಲ್ಲ. ಬಡ್ಡಿ ಹರಾಂ ಎಂದು ನಂಬಿದವನಿಗೆ ಉಳಿತಾಯದ ಅಗತ್ಯ ಬೇರೆಯವರಿಗಿಂತ ಹೆಚ್ಚು. ಬೇರೆಯವನು ಕಷ್ಟ ಬಂದರೆ ಬ್ಯಾಂಕಿಗೆ ಹೋಗಿ ಸಾಲ ತೆಗೆದಾನು. ನೀನು ಎಲ್ಲಿಗೆ ಹೋಗುತ್ತಿ? ಕೈಯಲ್ಲಿ ಮೂರು ತಿಂಗಳ ಖರ್ಚು ಇಲ್ಲದವನು ಬಡ್ಡಿ ತೆಗೆಯುವುದಿಲ್ಲ ಎಂದು ಆಣೆ ಹಾಕಿದರೂ ಆ ಆಣೆಗೆ ಆಧಾರವಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 2008ರಲ್ಲಿ ನನ್ನ ಸಂಬಳ ನಾಲ್ಕೂವರೆ ಸಾವಿರ. ಮದುವೆಯಾಗಿ ವರ್ಷವಾಗಿತ್ತು. ಮುಕ್ತ ವಿಶ್ವವಿದ್ಯಾಲಯದ ಬಿಎ ಪರೀಕ್ಷೆಗೂ ಆಗಲೇ ಓದುತ್ತಿದ್ದೆ. ಬಂದದ್ದೆಲ್ಲ ಅದೇ ತಿಂಗಳು ಖಾಲಿ. ರಿಝ್ಕ್ ಕೊಡುವವನು ಅಲ್ಲಾಹನು, ಎತ್ತಿಡುವುದು ಯಾಕೆ ಎಂದು ನಾನೇ ಹೇಳುತ್ತಿದ್ದೆ. ಹೆಂಡತಿಯ ಹೆರಿಗೆ ಸಿಸೇರಿಯನ್ ಆಯಿತು. ಜಮಾಅತಿನವರು ಸ್ವಲ್ಪ ಕೊಟ್ಟರು, ಮಾವ ಸ್ವಲ್ಪ ಕೊಟ್ಟರು, ಇನ್ನೂ ಹದಿನೈದು ಸಾವಿರ ಬೇಕಿತ್ತು. ಅವಳ ಎರಡು ಬಳೆ ಒಂದು ಫೈನಾನ್ಸಿಗೆ ಹೋದವು. ಹಿಂದಿನ ಜುಮಾದಲ್ಲಿ ಬಡ್ಡಿಯ ವಿರುದ್ಧ ಮಾತಾಡಿದ್ದವನು ನಾನೇ. ಆ ಬಳೆಗಳನ್ನು ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ತಿಂಗಳು ಮಿಂಬರಿನಲ್ಲಿ ಬಡ್ಡಿಯ ವಿಷಯ ಎತ್ತಲು ನನಗೆ ನಾಲಗೆ ಬರಲಿಲ್ಲ.

ಉಳಿಸುವುದು ತವಕ್ಕುಲ್‌ಗೆ ವಿರುದ್ಧ ಎನ್ನುವವರು ಪ್ರವಾದಿ(ಸ)ರವರ ಜೀವನ ನೋಡಲಿ. ಅವರು ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಸಂಪತ್ತೆಲ್ಲ ದಾನ ಮಾಡುತ್ತೇನೆಂದರು. ಮೂರನೇ ಒಂದಕ್ಕಿಂತ ಹೆಚ್ಚಿಗೆ ಪ್ರವಾದಿ(ಸ) ಒಪ್ಪಲಿಲ್ಲ, ವಾರಸುದಾರರು ಜನರ ಮುಂದೆ ಕೈಚಾಚುವಂತಾಗಬಾರದು ಎಂದರು. ನಮಾಝಿನಲ್ಲಿ ಅವರು ಸಾಲದಿಂದ ರಕ್ಷಣೆ ಬೇಡುತ್ತಿದ್ದರು. ಕಾರಣ ಕೇಳಿದಾಗ, ಸಾಲಗಾರ ಮಾತಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬರ್ಥದಲ್ಲಿ ಉತ್ತರಿಸಿದರು. ಸಾಲ ಕೊಟ್ಟವನ ಫೋನ್ ಬಂದಾಗ ಮಗುವಿನ ಕೈಗೆ ಮೊಬೈಲ್ ಕೊಟ್ಟು "ಅಬ್ಬ ಮನೆಯಲ್ಲಿಲ್ಲ ಎಂದು ಹೇಳು" ಎನ್ನುವ ಮನೆಗಳು ನಮ್ಮ ಮೊಹಲ್ಲಾದಲ್ಲೂ ಇವೆ.

ಸೂರಃ ಯೂಸುಫ್ ಎಲ್ಲರಿಗೂ ಗೊತ್ತು. ಏಳು ವರ್ಷ ಸಮೃದ್ಧಿ, ನಂತರ ಏಳು ವರ್ಷ ಬರ. ಯೂಸುಫ್(ಅ) ಹೇಳಿದ ಉಪಾಯವನ್ನು ಗಮನವಿಟ್ಟು ನೋಡಿ. ಕೊಯ್ದ ಬೆಳೆಯಲ್ಲಿ ತಿನ್ನಲು ಬೇಕಾದ ಸ್ವಲ್ಪವನ್ನು ಮಾತ್ರ ತೆಗೆದು ಉಳಿದದ್ದನ್ನು ತೆನೆಯಲ್ಲೇ ಬಿಡಬೇಕು. ತೆನೆಯಲ್ಲಿದ್ದರೆ ಹುಳ ಬೀಳುವುದಿಲ್ಲ ಎಂದು ತಫ್ಸೀರ್‌ನವರು ವಿವರಿಸುತ್ತಾರೆ. ನನಗೆ ಇನ್ನೊಂದು ಪ್ರಯೋಜನವೂ ಕಾಣುತ್ತದೆ. ತೆನೆಯಲ್ಲಿರುವ ಧಾನ್ಯವನ್ನು ಹಸಿವಾಯಿತೆಂದು ಒಡನೆ ಬೇಯಿಸಲಾಗದು. ಬಡಿಯಬೇಕು, ತೂರಬೇಕು. ಅಷ್ಟರಲ್ಲಿ ಮನಸ್ಸು ಬದಲಾಗಬಹುದು. ನಿಮ್ಮ ಉಳಿತಾಯವೂ ಹಾಗೆಯೇ ಇರಲಿ. ಸಂಬಳ ಬರುವ ಖಾತೆ ಒಂದು, ಉಳಿತಾಯದ ಖಾತೆ ಇನ್ನೊಂದು. ಎರಡನೆಯದಕ್ಕೆ ಗೂಗಲ್ ಪೇ, ಫೋನ್ ಪೇ ಜೋಡಿಸಬೇಡಿ, ಎಟಿಎಂ ಕಾರ್ಡನ್ನು ಉಮ್ಮನ ಕೈಯಲ್ಲಿ ಕೊಡಿ.

ಇನ್ನು ಸಂಬಳದ ಲೆಕ್ಕ. ದೊಡ್ಡ ಐಟಿ ಕಂಪನಿಗಳೂ ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಊರಿನಲ್ಲೇ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ನನಗೆ ಹೇಳುವ ಸಂಖ್ಯೆ ತಿಂಗಳಿಗೆ ಹದಿನಾಲ್ಕರಿಂದ ಹದಿನೆಂಟು ಸಾವಿರ. "3.6 ಲಕ್ಷ" ಎಂದು ಆಫರ್ ಪತ್ರ ಬಂದ ಕೂಡಲೇ ಮನೆಯವರು ಅದನ್ನು ಹನ್ನೆರಡರಿಂದ ಭಾಗಿಸಿ ಮೂವತ್ತು ಸಾವಿರ ಎಂದು ಊರಿಗೆಲ್ಲ ಹೇಳಿ ಮುಗಿಸಿರುತ್ತಾರೆ. ಆದರೆ ಆ ಮೊತ್ತ ಸಿಟಿಸಿ, ಅಂದರೆ ಕಂಪನಿಗೆ ಒಬ್ಬ ನೌಕರನಿಂದ ಬೀಳುವ ಒಟ್ಟು ಖರ್ಚು. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಅದರ ಶೇ. 12, ಅಂದರೆ 1,800 ರೂಪಾಯಿ ಕಂಪನಿ ಕಟ್ಟುವ ಪಿಎಫ್. ಸುಮಾರು 720 ರೂಪಾಯಿ ಗ್ರ್ಯಾಚುಟಿ ಲೆಕ್ಕಕ್ಕೆ ಹೋಗುತ್ತದೆ. ಉಳಿದ 27,480ರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ ಬರುವುದು 25,480. ಆರೋಗ್ಯ ವಿಮೆಯ ಕಂತು, ವರ್ಷದ ಕೊನೆಗೆ ಕೊಡುವ ಬೋನಸ್ ಕೂಡ ಆ 3.6 ಲಕ್ಷದೊಳಗೇ ಸೇರಿದ್ದರೆ 24,000ಕ್ಕೆ ಇಳಿಯುತ್ತದೆ. ಸೇರುವ ಮೊದಲೇ "ಕೈಗೆ ಎಷ್ಟು ಬರುತ್ತದೆ ಸಾರ್?" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಈ 24,000ವನ್ನೇ ಹಿಡಿದು ಆ ಹುಡುಗರ ಜೊತೆ ಲೆಕ್ಕ ಹಾಕಿದೆವು. ಬೆಂಗಳೂರಿನ ಪಿಜಿಗೆ ಊಟ ಸೇರಿ 8,500. ಬಸ್ಸು, ಮೆಟ್ರೊ 1,800. ಮನೆಗೆ 6,000. ಫೋನ್, ಸೋಪು, ಬಟ್ಟೆ ಒಗೆತ, ಹೊರಗಿನ ಚಾ-ತಿಂಡಿ 2,700. ಒಟ್ಟು 19,000. ಉಳಿದ ಐದು ಸಾವಿರದಲ್ಲಿ 500 ಸದಕಾ, 1,500 ಅವನ ಸ್ವಂತ ಖುಷಿಗೆ. ಹೌದು, ಖುಷಿಗೂ ಬೇಕು. ಜಿಪುಣತನ ಮತ್ತು ದುಂದುವೆಚ್ಚ ಎರಡರ ನಡುವಿನ ದಾರಿಯನ್ನು ಸೂರಃ ಅಲ್ ಫುರ್ಕಾನ್ ಹೊಗಳಿದೆ. ಮಿಕ್ಕ 3,000 ಉಳಿತಾಯ. ಆದರೆ ಅದನ್ನು ತಿಂಗಳ ಕೊನೆಗೆ ಎತ್ತಿಡುತ್ತೇನೆ ಎಂದರೆ ಆಗುವುದಿಲ್ಲ. ಇಪ್ಪತ್ತೈದನೇ ತಾರೀಕಿಗೆ ಅಲ್ಲಿ ಏನೂ ಇರುವುದಿಲ್ಲ. ಸಂಬಳ ಬಂದ ದಿನವೇ, ಮನೆಗೆ ಕಳಿಸುವ ಹೊತ್ತಿಗೇ, ಇದೂ ಇನ್ನೊಂದು ಖಾತೆಗೆ ಹೋಗಬೇಕು. ಈ ಲೆಕ್ಕದಲ್ಲಿ ಮೂರು ತಿಂಗಳ ಖರ್ಚು 57,000. ಅಷ್ಟು ಕೂಡಲು ಹತ್ತೊಂಬತ್ತು ತಿಂಗಳು ಬೇಕು. ಸಂಬಳ ಹೆಚ್ಚಾದಾಗ ಹೆಚ್ಚಿದ್ದರಲ್ಲಿ ಅರ್ಧವನ್ನು ಇದಕ್ಕೇ ಹಾಕಿದರೆ ಬೇಗ ಮುಗಿಯುತ್ತದೆ. ಹದಿನೈದು ಸಾವಿರದವನು ಐನೂರರಿಂದ ಶುರು ಮಾಡಲಿ, ಮೊತ್ತ ಆಮೇಲೆ ಬೆಳೆಯುತ್ತದೆ.

ಅಡ್ಡ ಬರುವುದು ಹೆಚ್ಚಾಗಿ ಮೊಬೈಲ್ ಫೋನ್. ಅರವತ್ತು ಸಾವಿರದ ಫೋನ್, ಹನ್ನೆರಡು ಕಂತು, ತಿಂಗಳಿಗೆ ಐದು ಸಾವಿರ. ಮೇಲಿನ ಲೆಕ್ಕದಲ್ಲಿ ಉಳಿದ ಐದು ಸಾವಿರವೂ ಅಲ್ಲಿಗೆ ಸರಿಯಾಯಿತು! "ನೋ ಕಾಸ್ಟ್ ಇಎಂಐ ಉಸ್ತಾದ್, ಬಡ್ಡಿ ಇಲ್ಲ" ಎನ್ನುತ್ತಾರೆ. ಕರಾರು ಓದಿ. ಸಾಮಾನ್ಯವಾಗಿ ಬ್ಯಾಂಕು ನಿಮ್ಮ ಮೇಲೆ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರುವವನು ಬೆಲೆಯಲ್ಲಿ ರಿಯಾಯಿತಿ ಎಂದು ತೋರಿಸುತ್ತಾನೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಿಮ್ಮದೇ. ಕ್ರೆಡಿಟ್ ಕಾರ್ಡಿನ ಕತೆ ಇನ್ನೂ ಕೆಟ್ಟದ್ದು. ಪೂರ್ತಿ ಕಟ್ಟದೆ "ಕನಿಷ್ಠ ಮೊತ್ತ" ಮಾತ್ರ ಕಟ್ಟುತ್ತಾ ಹೋದರೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 36ರಿಂದ 45.

ಹಾಗಾದರೆ ಉಳಿಸಿದ್ದನ್ನು ಎಲ್ಲಿಡಬೇಕು? ಮೂರು ತಿಂಗಳ ಖರ್ಚಿನ ಹಣ ಬ್ಯಾಂಕಿನಲ್ಲೇ ಇರಲಿ. ಭದ್ರತೆಗಾಗಿ ಇಡುವುದು ಬೇರೆ, ಬಡ್ಡಿ ತಿನ್ನುವುದು ಬೇರೆ. ಖಾತೆಗೆ ಬಿದ್ದ ಬಡ್ಡಿಯನ್ನು ಲೆಕ್ಕ ಮಾಡಿ ತೆಗೆದು, ಪುಣ್ಯದ ನಿರೀಕ್ಷೆ ಇಲ್ಲದೆ ಬಡವರಿಗೆ ಕೊಟ್ಟುಬಿಡಿ ಎಂದು ಉಲಮಾಗಳು ಹೇಳಿದ್ದಾರೆ. ಕಡ್ಡಾಯವಾಗಿ ಕಡಿತವಾಗುವ ಪಿಎಫ್ ಕೈಗೆ ಬರುವ ಮೊದಲೇ ಹೋಗುವ ಹಣ. ಅದರ ಮೇಲಿನ ಹೆಚ್ಚುವರಿಯನ್ನು ಬಡ್ಡಿ ಎನ್ನಲಾಗದು ಎಂದು ಉಪಖಂಡದ ಅನೇಕ ಮುಫ್ತಿಗಳ ಅಭಿಪ್ರಾಯ. ಸ್ವಂತ ಇಚ್ಛೆಯಿಂದ ಹೆಚ್ಚಿಗೆ ಕಟ್ಟುವ ಬಗ್ಗೆ ಅವರು ಎಚ್ಚರ ಹೇಳುತ್ತಾರೆ. ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದು ಖಾಲಿ ಮಾಡಬೇಡಿ, ಯುಎಎನ್ ಸಂಖ್ಯೆ ಒಂದೇ ಇರುತ್ತದೆ, ಹೊಸ ಕಂಪನಿಗೆ ವರ್ಗಾಯಿಸಿ.

ಚೀಟಿಯ ಬಗ್ಗೆಯೂ ಕೇಳಿದರು. ಹತ್ತು ಜನ ಸೇರಿ ತಿಂಗಳಿಗೆ ಎರಡೆರಡು ಸಾವಿರ ಹಾಕಿ, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಇಪ್ಪತ್ತು ಸಾವಿರ ತೆಗೆದುಕೊಳ್ಳುವುದಾದರೆ ಯಾರಿಗೂ ಹೆಚ್ಚು ಕಡಿಮೆ ಇಲ್ಲ, ಅಡ್ಡಿಯಿಲ್ಲ. ಹರಾಜು ಕೂಗಿ ಕಡಿಮೆಗೆ ಎತ್ತುವ ಚೀಟಿ ಬೇರೆ, ಅದರಿಂದ ದೂರವಿರಿ.

ಮೂರು ತಿಂಗಳ ಹಣ ಕೂಡಿದ ಮೇಲಿನ ಉಳಿತಾಯಕ್ಕೆ ಬೇರೆ ದಾರಿಗಳಿವೆ. ಬಡ್ಡಿ, ಮದ್ಯದಂಥ ವ್ಯವಹಾರದ ಕಂಪನಿಗಳನ್ನು ಬಿಟ್ಟು ಹಣ ಹೂಡುವ ಟಾಟಾ ಎಥಿಕಲ್ ಫಂಡ್, ನಿಪ್ಪಾನ್ ಇಂಡಿಯಾದ ಶರೀಅಃ ಬೀಸ್ ಮುಂತಾದವು ಸೆಬಿಯ ನಿಯಮದೊಳಗೆ ನಡೆಯುತ್ತವೆ. ಅವುಗಳ ಬೆಲೆ ಏರುತ್ತದೆ, ಇಳಿಯುತ್ತದೆ, ನಷ್ಟವೂ ಆಗಬಹುದು. ಐದಾರು ವರ್ಷ ಮುಟ್ಟದ ಹಣ ಮಾತ್ರ ಅಲ್ಲಿಗೆ.

ಆದರೆ "ಹಲಾಲ್" ಎಂಬ ಬೋರ್ಡು ನೋಡಿ ಹಣ ಕೊಡಬೇಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿತು. ಅದರ ಮಾಲಕ ದೇಶ ಬಿಟ್ಟ, ಮುಂದಿನ ತಿಂಗಳು ದೆಹಲಿಯಲ್ಲಿ ಬಂಧನವಾಯಿತು. ದೂರು ಕೊಟ್ಟವರು ಹತ್ತಾರು ಸಾವಿರ ಮಂದಿ, ಹೆಚ್ಚಿನವರು ಬಡ್ಡಿ ಬೇಡವೆಂದೇ ಅಲ್ಲಿ ಹಾಕಿದ್ದವರು. ಮೌಲವಿಗಳ ಮಾತು ನಂಬಿ ಹಾಕಿದವರೂ ಅದರಲ್ಲಿದ್ದರು. ಇದನ್ನು ನನ್ನಂಥವರು ಮರೆಯಬಾರದು. ಹಣದ ವಿಷಯದಲ್ಲಿ ಉಸ್ತಾದರ ಮಾತೇ ಸಾಕು ಎನ್ನಬೇಡಿ, ನನ್ನದನ್ನೂ ಸೇರಿಸಿ. ತಿಂಗಳು ತಪ್ಪದೆ ಇಷ್ಟೇ ಲಾಭ ಎಂದು ಮಾತು ಕೊಡುವವನ ವ್ಯಾಪಾರ ನಿಜವಾದ ಪಾಲುದಾರಿಕೆ ಆಗುವುದು ಹೇಗೆ? ವ್ಯಾಪಾರದಲ್ಲಿ ನಷ್ಟವೂ ಇರುತ್ತದಲ್ಲ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಇಂಥ ಕಂಪನಿ ಮುಳುಗಿದರೆ ಕೈಯಲ್ಲಿರುವುದು ರಶೀದಿ ಮಾತ್ರ.

ತಂದೆಯಂದಿರಿಗೂ ಒಂದು ಮಾತಿದೆ. ಮಗನಿಗೆ ಕೆಲಸ ಸಿಕ್ಕಿದ ತಿಂಗಳೇ ಮನೆಯ ಹಳೆಯ ಸಾಲ, ತಂಗಿಯ ಮದುವೆ, ಮನೆಯ ಮೇಲಿನ ಮಹಡಿ ಎಲ್ಲವನ್ನೂ ಅವನ ಹೆಗಲಿಗೆ ಹಾಕುತ್ತೀರಿ. ತಂದೆ ತಾಯಿಯ ಹಕ್ಕು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಬಳಿ ಏನೂ ಉಳಿಯದಂತೆ ಮಾಡಿದರೆ ನಾಳೆ ನಿಮ್ಮದೇ ಆಸ್ಪತ್ರೆ ಬಿಲ್ಲಿಗೆ ಅವನು ಆ್ಯಪ್ ತೆರೆಯುತ್ತಾನೆ. ಹೆಣ್ಣುಮಕ್ಕಳ ವಿಷಯ ಇನ್ನೂ ಸ್ಪಷ್ಟ. ಶಾಲೆಯಲ್ಲಿ ಕಲಿಸಿ ಹನ್ನೆರಡು ಸಾವಿರ ತರುವ ಮಗಳ ಸಂಬಳ ಅವಳದು. ಸ್ತ್ರೀಯರು ಸಂಪಾದಿಸಿದ್ದರಲ್ಲಿ ಅವರಿಗೆ ಪಾಲಿದೆ ಎಂದು ಸೂರಃ ಅನ್ನಿಸಾ ಸಾರಿದೆ. ಅವಳು ಮನಸ್ಸಾರೆ ಕೊಟ್ಟರೆ ತೆಗೆದುಕೊಳ್ಳಿ, ಎಟಿಎಂ ಕಾರ್ಡನ್ನು ಅಣ್ಣನ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಉಳಿತಾಯ ನಿಸಾಬ್ ಮುಟ್ಟಿ, ಚಂದ್ರಮಾನದ ಒಂದು ವರ್ಷ ಕಳೆದರೆ ಶೇ. 2.5 ಝಕಾತ್ ಕೊಡಬೇಕು. ಒಂದು ಲಕ್ಷಕ್ಕೆ 2,500. ನಿಸಾಬ್‌ನ ಲೆಕ್ಕ ಆ ದಿನದ ಬೆಳ್ಳಿ ಬಂಗಾರದ ಬೆಲೆಯ ಮೇಲೆ ನಿಲ್ಲುವುದರಿಂದ ನಿಮ್ಮ ನಿಮ್ಮ ಮೊಹಲ್ಲಾದ ಉಸ್ತಾದರನ್ನು ಕೇಳಿಕೊಳ್ಳಿ.

ಆ ಹುಡುಗನ ವಿಷಯ ಏನಾಯಿತು ಎಂದು ಕೆಲವರು ಕೇಳಿದ್ದೀರಿ. ನಮ್ಮ ಜಮಾಅತಿನಲ್ಲಿ ಸಣ್ಣದೊಂದು ಕರ್ಝೆ ಹಸನ ನಿಧಿ ಇದೆ. ಅದರಿಂದ ಇಪ್ಪತ್ತು ಸಾವಿರ ಕೊಟ್ಟೆವು. ಸಾಲ ಬರೆದಿಡಬೇಕೆಂದು ಸೂರಃ ಅಲ್ ಬಕರದಲ್ಲಿ ಆಜ್ಞೆ ಇರುವುದರಿಂದ ಕಾಗದ ಮಾಡಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆವು. ತಂದೆ ಮನೆಗೆ ಬಂದಿದ್ದಾರೆ. ಅವನು ತಿಂಗಳಿಗೆ ಎರಡು ಸಾವಿರದಂತೆ ತೀರಿಸುತ್ತಿದ್ದಾನೆ, ಇನ್ನು ಆರು ಕಂತು ಬಾಕಿ. ಏಳನೇ ತಿಂಗಳಿನಿಂದ ಅದೇ ಎರಡು ಸಾವಿರವನ್ನು, ಅದೇ ತಾರೀಕಿಗೆ, ತನ್ನ ಎರಡನೇ ಖಾತೆಗೆ ಹಾಕುವುದೆಂದು ಮಾತಾಗಿದೆ. ಖಾತೆ ಈಗಲೇ ತೆರೆದಿದ್ದಾನೆ. ಕಾರ್ಡ್ ಅವನ ಉಮ್ಮನ ಹತ್ತಿರ ಇದೆ.

ಇದೇ ರೀತಿ ಲೆಕ್ಕ ಹಾಕಲು ಬಯಸುವ ಯುವಕರು ಭಾನುವಾರ ಅಸರ್ ನಮಾಝಿನ ನಂತರ ಸಂಬಳದ ಚೀಟಿ ಹಿಡಿದು ಮಸೀದಿಗೆ ಬನ್ನಿ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಜೊತೆಗೆ ಕುಳಿತುಕೊಳ್ಳಲು ಒಪ್ಪಿದ್ದಾರೆ.